ಯಾರೂ ಮುಟ್ಟದಾಗ ಮೂಡುವ ಅಂಕಿ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಉದ್ದನೆಯ ಹಾಲ್‌ನಲ್ಲಿ ಕುರ್ಚಿಗಳೆಲ್ಲ ಖಾಲಿ. ಹನ್ನೊಂದು ಕಂಪ್ಯೂಟರ್‌ಗಳ ಮುಂದೆ ಒಬ್ಬರೂ ಇಲ್ಲ, ಆದರೂ ಹನ್ನೊಂದರಲ್ಲೂ ಅಂಗೈಯಗಲದ ಹಸಿರು ಅಂಕಿ: 4. ನಲವತ್ತು ದಾಟಿದ ಹೆಂಗಸೊಬ್ಬರು ಕೈಕಟ್ಟಿಕೊಂಡು ಒಂದೊಂದನ್ನೇ ನೋಡುತ್ತಾ ಹೋಗುತ್ತಾರೆ. ನಾನು ಮೌಸಿನ ಕಡೆ ಕೈ ಚಾಚಿದರೆ, "ಮುಟ್ಬೇಡಿ, ಓಡಿಹೋಗತ್ತೆ!" ಎಂದು ಗದರುತ್ತಾರೆ.

ಯಾರು ಏನೇ ದೂರು ತಂದರೂ ಮೊದಲು "ಪ್ಲಗ್ ಹಾಕಿದೀರಾ?" ಎಂದು ಕೇಳುವುದರಿಂದ ಇವರು ಇಡೀ ಆಸ್ಪತ್ರೆಗೆ ಪ್ಲಗ್ ಅಕ್ಕ. ಹತ್ತರಲ್ಲಿ ಆರು ಸಲ ಹಾಕಿರುವುದಿಲ್ಲವಂತೆ! ಚೀಟಿ ಬರೆಯುವ ಕೌಂಟರಿಗೆ ಸೇರಿದವರು, ನಾದಿನಿಯ ಹಳೆಯ ಪುಸ್ತಕಗಳಿಂದ ಪ್ರೋಗ್ರಾಂ ಬರೆಯಲು ಕಲಿತರು. ಈ ಅಂಕಿ ಅವರದೇ ಕೈಕೆಲಸ. ಮೂರು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿ ಮೂಡುವ ಸ್ಕ್ರೀನ್ ಸೇವರ್ ಇದು. ಬೇರೆ ಕಡೆ ಮೀನು ಈಜಾಡುವ ಜಾಗದಲ್ಲಿ ಇಲ್ಲಿ ಮಕ್ಕಳ ಲಸಿಕೆಯ ಫ್ರಿಜ್ ಎಷ್ಟು ತಂಪಾಗಿದೆ ಎಂಬುದು ಕಾಣುತ್ತದೆ. ಎರಡರಿಂದ ಎಂಟು ಡಿಗ್ರಿಯೊಳಗಿದ್ದರೆ ಹಸಿರು, ಆಚೀಚೆ ಆದರೆ ಪರದೆಯೆಲ್ಲ ಕೆಂಪು.

ಮೂರು ವರ್ಷದ ಹಿಂದೆ ಫ್ರಿಜ್ಜಿನ ಬಾಗಿಲು ಸಡಿಲಾಗಿ ಲಸಿಕೆಯೆಲ್ಲ ಹಾಳಾಗಿತ್ತು. ಡಿಗ್ರಿ ಏರಿದ್ದು ಕಂಪ್ಯೂಟರಿನಲ್ಲಿ ದಾಖಲಾಗುತ್ತಲೇ ಇತ್ತು, ತೆರೆದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. "ಅರವತ್ಮೂರು ತಾಯಂದಿರಿಗೆ ನಾನೇ ಚೀಟಿ ಕೊಟ್ಟಿದ್ದೆ, ನಾನೇ ವಾಪಸ್ ಕಳಿಸ್ದೆ. ಒಬ್ಳು ಎರಡು ಬಸ್ ಬದಲಾಯಿಸಿ ಬಂದಿದ್ಲು," ಎನ್ನುತ್ತಾರೆ. ಸ್ಕ್ರೀನ್ ಸೇವರೇ ಯಾಕೆ? "ಕೆಲಸದ ಮಧ್ಯೆ ಎಚ್ಚರಿಕೆ ಬಂದ್ರೆ ಎಲ್ರೂ ಓದದೆ ಮುಚ್ಚಿಬಿಡ್ತಾರೆ. ಸುಮ್ನೆ ಇರೋ ಪರದೆ ಹೋಗ್ತಾ ಬರ್ತಾ ಕಣ್ಣಿಗೆ ಬೀಳತ್ತೆ."

ಮೊದಲ ತಿಂಗಳಲ್ಲೇ ಒಂದು ಎಡವಟ್ಟಾಯಿತು. ಅದನ್ನು ಮಾಡಿದವರೇ, ಮೇಜು ಒರೆಸುವ ದೊಡ್ಡಮ್ಮ, ನಗುತ್ತಾ ಹೇಳುತ್ತಾರೆ: "ಬೆಳಿಗ್ಗೆ ಬಂದ್ರೆ ಎಲ್ಲಾ ಕಂಪ್ಯೂಟರೂ ಕೆಂಪಗಿತ್ತು. ಬಟ್ಟೆ ಆಡಿಸಿದ್ರೆ ಹೋಗ್ತಿತ್ತು. ಕೊಳೆ ಅಂದ್ಕೊಂಡು ಹನ್ನೊಂದನ್ನೂ ಒರೆಸಿ ಹಾಕ್ದೆ!" ಬಟ್ಟೆ ತಗುಲಿ ಮೌಸ್ ಅಲುಗಿದಾಗ ಸ್ಕ್ರೀನ್ ಸೇವರ್ ಮಾಯವಾಗಿತ್ತು. ಚಹಾ ಕುಡಿಯುವಾಗ ಈ ಮಾತು ಕಿವಿಗೆ ಬಿದ್ದದ್ದೇ ಪ್ಲಗ್ ಅಕ್ಕ ಲೋಟ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿದರು. ಲಸಿಕೆ ಐಸ್ ಪೆಟ್ಟಿಗೆ ಸೇರಿ ಉಳಿಯಿತು. ಈಗ ಕೆಂಪು ಬಂದರೆ, ಓಡಿಸಿದರೂ ಒಂದೇ ನಿಮಿಷಕ್ಕೆ ಮತ್ತೆ ಬರುತ್ತದೆ. ಅಕ್ಷರ ಬಾರದ ದೊಡ್ಡಮ್ಮ ಅಂಕಿ ಕಲಿತು ಮೊದಲ ಕಾವಲುಗಾರ್ತಿಯಾಗಿದ್ದಾರೆ.

ಆದರೆ ಇಂದು ಇವುಗಳ ಜಾಗಕ್ಕೆ ಹೊಸ ಕಂಪ್ಯೂಟರ್‌ಗಳು ಬಂದಿವೆ. ಜೋಡಿಸುವವರು ಎಲ್ಲದಕ್ಕೂ ಹಿಮದ ಬೆಟ್ಟದ ಚಿತ್ರ ಹಾಕಿ, ಬೇರೆ ಯಾರೂ ಬದಲಿಸದಂತೆ ಮಾಡಿ ಹೋಗುವವರು. ದೊಡ್ಡ ಡಾಕ್ಟರು ಒಪ್ಪಿದರೆ ಮಾತ್ರ ಪ್ಲಗ್ ಅಕ್ಕನ ಪ್ರೋಗ್ರಾಂ ಉಳಿಯುತ್ತದೆ. "ಒಪ್ತಾರೆ. ಒಪ್ಪದಿದ್ರೆ ದಿನಾ ಹೋಗಿ ಕೇಳ್ತೀನಿ," ಎನ್ನುವ ಅವರ ದನಿಯಲ್ಲಿ ಅಳುಕಿಲ್ಲ.

ಎಂಟಕ್ಕೆ ಡಾಕ್ಟರು ಬರುತ್ತಾರೆ, ಬೆಟ್ಟ ನೋಡುತ್ತಾರೆ. "ಚೆನ್ನಾಗಿದೆಯಲ್ಲ, ಇದೇ ಇರ್ಲಿ."

ಬಟ್ಟೆ ಹಿಡಿದು ನಿಂತಿದ್ದ ದೊಡ್ಡಮ್ಮ ಪರದೆಯ ಹತ್ತಿರ ಬಗ್ಗುತ್ತಾರೆ. "ಸಾರ್, ಈ ಬೆಟ್ಟ ಎಷ್ಟು ಡಿಗ್ರಿ?"

ಡಾಕ್ಟರು ಫ್ರಿಜ್ ಕೋಣೆಯ ಬಾಗಿಲನ್ನೊಮ್ಮೆ ನೋಡಿ, "ಪ್ಲಗ್ ಅಕ್ಕನದ್ದನ್ನೇ ಹಾಕಿಬಿಡಿ," ಎಂದು ಹೊರಟುಬಿಡುತ್ತಾರೆ. ನನಗೋ ಚಪ್ಪಾಳೆ ತಟ್ಟುವ ಆಸೆ.

ಪ್ಲಗ್ ಅಕ್ಕ ಪ್ರೋಗ್ರಾಂ ಹಾಕಿ, ಎಲ್ಲರನ್ನೂ ಹಿಂದೆ ಸರಿಸುತ್ತಾರೆ. ಮೂರು ನಿಮಿಷ ಯಾರೂ ಏನನ್ನೂ ಮುಟ್ಟುವುದಿಲ್ಲ. ಅಂಕಿ ಮೂಡುತ್ತದೆ: 4. ಇನ್ನೇನು ಬೇಕು ನಿಮಗೆ ಎಂದರೆ, "ಇದಕ್ಕೆ ಕೆಂಪಾಗೋ ಕೆಲಸಾನೇ ಬರ್ಬಾರ್ದು. ಹಸಿರಾಗೇ ಕೂತು ಬೇಜಾರಾಗ್ಲಿ," ಎಂದು ನಗುತ್ತಾರೆ.

ಹೊರಗೆ ಕೂಸುಗಳನ್ನೆತ್ತಿಕೊಂಡ ತಾಯಂದಿರ ಸಾಲು ಬೆಳೆದಿದೆ. ಪ್ಲಗ್ ಅಕ್ಕ ಹೋಗಿ ಕೌಂಟರಿನ ಕಿಟಕಿ ತೆರೆಯುತ್ತಾರೆ.

"ಬನ್ನಿ, ಚೀಟಿ ತಗೊಳ್ಳಿ. ಲಸಿಕೆ ಇದೆ."