ಮಿಣುಕುವ ಲಕೋಟೆ

ಆದಿತ್ಯನಗರದ ಕ್ವಾರ್ಟರ್ಸಿಗೆ ಬಂದು ನಾನು ಮೊದಲು ಕಲಿತದ್ದು ಸದ್ದು ಮಾಡದೆ ಬದುಕುವುದನ್ನು. ನಮ್ಮವರಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಹೆಚ್ಚಾಗಿ ರಾತ್ರಿ ಪಾಳಿ, ಹಗಲು ನಿದ್ದೆ. ಸೀಟಿಗೆ ಎಚ್ಚರವಾದೀತೆಂದು ಕುಕ್ಕರ್ ಬಿಟ್ಟು ಪಾತ್ರೆಯಲ್ಲೇ ಅನ್ನ ಬಸಿಯುತ್ತಿದ್ದೆ. ಅಕ್ಕಪಕ್ಕದವರು ಒಳ್ಳೆಯವರೇ. ಆದರೆ ಒಂದು ಮನೆ ರಾಜಸ್ಥಾನದವರದು, ಇನ್ನೊಂದು ಬಿಹಾರದವರದು. ನನ್ನ ಹಿಂದಿ ಕ್ಷೇಮಸಮಾಚಾರ ದಾಟಿ ಮುಂದೆ ಹೋಗುತ್ತಿರಲಿಲ್ಲ. ಮಾತಾಡಬೇಕೆನಿಸಿದಾಗ ತುಳಸಿಯ ಎಲೆಗಳ ಮೇಲಿನ ಸಿಮೆಂಟ್ ಧೂಳು ಒರೆಸುತ್ತ ಅದರ ಜೊತೆಗೇ ಆಡುತ್ತಿದ್ದೆ.

ನಾನು ಚಿತ್ತಾಪುರದ ಮೇಷ್ಟ್ರ ಮಗಳು. ಮದುವೆಯಿಂದ ನಿಂತುಹೋದ ಓದನ್ನು ದೂರಶಿಕ್ಷಣದ ಕನ್ನಡ ಎಂ.ಎ.ಯಲ್ಲಿ ಮುಂದುವರಿಸಿದ್ದೆ. ಎಲ್ಲ ಪತ್ರಿಕೆಗಳೂ ಮುಗಿದರೂ ಹಳಗನ್ನಡದ್ದೊಂದು ಜಿಗಣೆಯ ಹಾಗೆ ಕಚ್ಚಿಕೊಂಡಿತ್ತು. ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದೆ. ಮೂರನೆಯದೇ ಕಡೆಯ ಅವಕಾಶ. ಅದೂ ಹೋದರೆ ಅಷ್ಟು ವರ್ಷದ ಓದು ಮಣ್ಣುಪಾಲು. ನನಗೆ ಬೇಕಾಗಿದ್ದುದು ಒಂದೇ ಪುಸ್ತಕ, ರಾಷ್ಟ್ರಕೂಟರ ಕಾಲದ ಕನ್ನಡವನ್ನು ಬಿಡಿಸಿ ಹೇಳುವ ದಪ್ಪ ಪುಸ್ತಕ. ಆ ರಾಜರು ಆಳಿದ ಮಳಖೇಡ ನನ್ನ ಮನೆಯ ಪಕ್ಕದಲ್ಲೇ ಇತ್ತು. ಪುಸ್ತಕ ಮಾತ್ರ ಕಲಬುರ್ಗಿಯಲ್ಲಿ, ನಮ್ಮ ದೂರಶಿಕ್ಷಣದ ಗ್ರಂಥಾಲಯದಲ್ಲಿ!

ಆ ವರ್ಷ ಗ್ರಂಥಾಲಯದವರು ಹೊಸದೊಂದು ಅನುಕೂಲ ಮಾಡಿದರು. ಬೇಕಾದ ಪುಸ್ತಕದ ಹೆಸರನ್ನು ಮೊಬೈಲಿನಿಂದ ಅವರಿಗೆ ಮೆಸೇಜ್ ಕಳಿಸಬೇಕು. ಪುಸ್ತಕ ಇದ್ದರೆ ಉತ್ತರ ಬರುತ್ತಿತ್ತು, ಭಾನುವಾರ ಸೇಡಂನ ನಮ್ಮ ಅಧ್ಯಯನ ಕೇಂದ್ರಕ್ಕೆ ಪಾಠ ಹೇಳಲು ಬರುವವರ ಬಟ್ಟೆಚೀಲದಲ್ಲಿ ಪುಸ್ತಕವೂ ಬರುತ್ತಿತ್ತು. ಅಂದು ಹೋಗಿ ತೆಗೆದುಕೊಳ್ಳದಿದ್ದರೆ ಅದೇ ಚೀಲದಲ್ಲಿ ವಾಪಸ್. ನಮ್ಮವರು ಹೊಸ ಫೋನ್ ಕೊಂಡು ಹಳೆಯದನ್ನು ನನ್ನ ಕೈಗೆ ಹಾಕಿದ್ದರಿಂದ ನನಗೂ ಒಂದು ನಂಬರಿತ್ತು. ಆ ನಂಬರಿಗೆ ಯಾರೂ ಫೋನ್ ಮಾಡುತ್ತಿರಲಿಲ್ಲ, ಅಷ್ಟೇ.

ಗ್ರಂಥಾಲಯ ಮಾತ್ರ ಬರೆಯುತ್ತಿತ್ತು. "ಪ್ರಿಯ ಸದಸ್ಯರೇ, ನೀವು ಕೇಳಿದ ಪುಸ್ತಕ ಹೊರಗೆ ಹೋಗಿದೆ. ಬಂದ ಕೂಡಲೇ ತಿಳಿಸುತ್ತೇವೆ." ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಆಗಾಗ ಇನ್ನೊಂದು: "ಪ್ರಿಯ ಸದಸ್ಯರೇ, ನಿಮ್ಮ ಸರದಿ ಹತ್ತಿರ ಬಂದಿದೆ." ನನ್ನನ್ನು ಪ್ರಿಯ ಎಂದು ಕರೆಯುವವರು ಇಡೀ ಜಿಲ್ಲೆಯಲ್ಲಿ ಬೇರೆ ಯಾರಿದ್ದರು? ಬರೆಯುತ್ತಿರುವುದು ನಡುವಯಸ್ಸಿನ ಒಬ್ಬ ಹೆಂಗಸು ಎಂದುಕೊಂಡಿದ್ದೆ. ಊಟದ ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ಮೊದಲು ನನಗೇ ಬರೆಯುತ್ತಾಳೆ. ಒಂದನ್ನೂ ಅಳಿಸದೆ ಇಟ್ಟುಕೊಂಡೆ. ಮಧ್ಯಾಹ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಮೊದಲಿನಿಂದ ಓದುತ್ತಿದ್ದೆ.

ಪರೀಕ್ಷೆ ಹತ್ತಿರ ಬಂದ ಒಂದು ವಾರ ಫೋನಿನ ಪರದೆಯ ಮೂಲೆಯಲ್ಲಿ ಪುಟ್ಟ ಲಕೋಟೆಯೊಂದು ಮಿಣುಕತೊಡಗಿತು. ಹಿಂದೆಂದೂ ಹಾಗಾಗಿರಲಿಲ್ಲ. ಮೆಸೇಜ್ ಹೊರಟಿದೆ, ದಾರಿಯಲ್ಲಿದೆ ಎಂದುಕೊಂಡೆ. ರೈಲು ಬರುವ ಮೊದಲು ದೂರದಲ್ಲಿ ಅದರ ದೀಪ ಕಾಣುವುದಿಲ್ಲವೇ, ಹಾಗೆ. ಎಷ್ಟು ಸಂತೋಷಪಟ್ಟೆ! ಭಾನುವಾರವೂ ಹೋಳಿಗೆಗೆ ಹೂರಣ ರುಬ್ಬುತ್ತ ಅದನ್ನೇ ನೋಡುತ್ತಿದ್ದೆ. ಅದು ಮಿಣುಕುತ್ತಲೇ ಇತ್ತು.

ಎರಡು ದಿನ ಬಿಟ್ಟು, ನಮ್ಮವರು ಎದ್ದು ಚಹಾ ಕುಡಿಯುವಾಗ ಫೋನ್ ತೋರಿಸಿದೆ.

"ಏ, ಮೆಸೇಜಿನ ಜಾಗ ತುಂಬೇದ, ಅದಕ್ಕ ಮಿಣುಕ್ತದ," ಎಂದರು. "ತುಂಬಿದ್ರ ಹೊಸಾದು ಎಲ್ಲಿಂದ ಬರಬೇಕು? ಇಷ್ಟೆಲ್ಲಾ ಯಾಕ ಇಟ್ಕೊಂಡಿ?"

"ಇರಲಿ ಅಂತ," ಎಂದೆ.

ನಾನು ಬೇಡ ಎನ್ನುವಷ್ಟರಲ್ಲಿ ಎಲ್ಲವನ್ನೂ ಅಳಿಸಿಬಿಟ್ಟರು. ಹೊರಗೆ ಕಾಯುತ್ತಿದ್ದ ಮೆಸೇಜುಗಳು ಒಂದರ ಹಿಂದೊಂದು ಒಳಗೆ ಬಂದವು. ನಿಮ್ಮ ಪುಸ್ತಕ ಭಾನುವಾರ ಸೇಡಂಗೆ ಬರಲಿದೆ. ಇಂದು ಪಡೆದುಕೊಳ್ಳಿ. ಪಡೆಯದ ಕಾರಣ ಪುಸ್ತಕ ಹಿಂದಿರುಗಿದೆ. ಮೂರರಲ್ಲೂ ನಾನು ಪ್ರಿಯ ಸದಸ್ಯಳೇ. ನಮ್ಮವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಮರುದಿನ ಬೆಳಿಗ್ಗೆ ಒಬ್ಬಳೇ ಪ್ಯಾಸೆಂಜರ್ ರೈಲು ಹತ್ತಿದೆ. ಚಿತ್ತಾಪುರದಲ್ಲಿ ಗಾಡಿ ನಿಂತಾಗ ತವರಿನ ಕಡೆ ಹೋಗುವ ರಸ್ತೆಯನ್ನು ಕಿಟಕಿಯಿಂದ ನೋಡಿದೆ. ಇಳಿದರೆ ಅಮ್ಮ ಹೊರಡಲು ಬಿಡುವುದಿಲ್ಲವೆಂದು ಗೊತ್ತಿತ್ತು. ವಾಡಿ, ಶಹಾಬಾದ ದಾಟಿ ಕಲಬುರ್ಗಿಯಲ್ಲೇ ಇಳಿದೆ.

ಗ್ರಂಥಾಲಯದ ಮೇಜಿನ ಹಿಂದೆ ನನ್ನ ಹೆಂಗಸು ಇರಲಿಲ್ಲ. ದಪ್ಪ ಮೀಸೆಯ ಗೃಹಸ್ಥರೊಬ್ಬರು ಕೂತಿದ್ದರು.

"ಆ ಪುಸ್ತಕ ಮುಂದಿನ ಸರದಿ ಚಿಂಚೋಳಿಯವರಿಗಂತ ಎತ್ತಿಟ್ಟದ್ದು ಅದರಿ," ಎಂದರು. "ಹೊರಗ ಕೊಡ್ಲಿಕ್ಕ ಬರಂಗಿಲ್ಲ. ಬೇಕಾದ್ರ ಇಲ್ಲೇ ಕುಂತು ಸಂಜೀತನಕ ಓದ್ರಿ."

ಪುಸ್ತಕ ತೆಗೆದುಕೊಳ್ಳುತ್ತ ಕೇಳಿಯೇಬಿಟ್ಟೆ. "ಮೆಸೇಜ್ ಬರಿಯೋರು ಯಾರ್ರಿ?"

"ಯಾರೂ ಬರಿಯಂಗಿಲ್ರಿ ಅಕ್ಕಾರ. ಕಂಪ್ಯೂಟರ್ ತನ್ನಷ್ಟಕ್ಕ ತಾನೇ ಕಳಸ್ತದ. ಎಲ್ಲಾರಿಗೂ ಅದೇ ಹೋಗ್ತದ."

ಹೌದಲ್ಲ, ಇಷ್ಟೂ ಹೊಳೆಯಲಿಲ್ಲವೇ ನನಗೆ ಎಂದು ನಾಚಿಕೆಯಾಯಿತು. ಮೂಲೆಯ ಬೆಂಚಿನಲ್ಲಿ ಕೂತು, ತಂದಿದ್ದ ಅವಲಕ್ಕಿಯನ್ನೂ ಬಿಚ್ಚದೆ ಓದಿದೆ. ಬೆರಳು ನೋಯುವ ತನಕ ಬರೆದುಕೊಂಡೆ. ಮೀಸೆಯವರು ಬಾಗಿಲ ಚಿಲಕ ಅಲ್ಲಾಡಿಸಿದಾಗ ಎದ್ದೆ.

ಫಲಿತಾಂಶ ಬಂದ ದಿನ ಸೇಡಂ ಕೇಂದ್ರದ ಗೋಡೆಗೆ ಅಂಟಿಸಿದ ಪಾಸಾದವರ ಪಟ್ಟಿಯಲ್ಲಿ ನನ್ನ ನಂಬರಿತ್ತು. ಮನೆಗೆ ಬಂದರೆ ನಮ್ಮವರು ಗಾಢನಿದ್ದೆಯಲ್ಲಿದ್ದರು, ಎಬ್ಬಿಸಲು ಮನಸ್ಸಾಗಲಿಲ್ಲ. ಚಿತ್ತಾಪುರದಲ್ಲಿ ಯಾರೂ ಫೋನ್ ಎತ್ತಲಿಲ್ಲ. ತುಳಸಿಗೆ ಹೇಳಿದೆ. ಆದರೂ ಸಮಾಧಾನವಾಗಲಿಲ್ಲ, ಯಾರಾದರೂ ಒಬ್ಬರು ಹೂಂ ಎನ್ನಬೇಕಿತ್ತು. ಯಂತ್ರವೆಂದು ಗೊತ್ತಿದ್ದೂ ಗ್ರಂಥಾಲಯದ ನಂಬರಿಗೆ "ನಾನು ಪಾಸಾದೆ" ಎಂದು ಬರೆದು ಕಳಿಸಿದೆ.

ಕೂಡಲೇ ಉತ್ತರ ಬಂತು. "ಪ್ರಿಯ ಸದಸ್ಯರೇ, ಈ ಹೆಸರಿನ ಪುಸ್ತಕ ನಮ್ಮಲ್ಲಿ ಇಲ್ಲ."

ಬಾಯಿಗೆ ಸೆರಗು ಹಿಡಿದು, ಸದ್ದಾಗದಂತೆ ನಕ್ಕೆ. ಆಮೇಲೆ ಅದನ್ನು ಅಳಿಸಿದೆ, ಇನ್ನೊಂದು ಬಂದರೆ ಜಾಗ ಇರಲೆಂದು.