ಮಾಮನ ಹವಳಕ್ಕೆ ಸೊಳ್ಳೆ ಪರದೆ

ಫ್ರೆಂಡ್ಸ್, ಮಾಮ ಉಡುಪಿಯಿಂದ ವಾಪಸ್ ಬರುವವರೆಗೆ, ನಾನು ಉಳಿದುಕೊಂಡಿರುವ ಅವರ ಮುಂಬೈ ಬಳಿಯ ಡೊಂಬಿವ್ಲಿ ಮನೆಯ ಉಪ್ಪುನೀರಿನ ಅಕ್ವೇರಿಯಂ ನನ್ನ ಡ್ಯೂಟಿ. ಮೊನ್ನೆ ಅದರೊಳಗಿನ ಹಸಿರು ಹವಳ ಬಿಳಿಚಿತು. ಹಾಸ್ಟೆಲ್‌ನಲ್ಲಿ ಬಿಳಿಚಿದ ಹುಡುಗರನ್ನು ವಾರ್ಡನ್ ಬಿಸಿಲಿಗೆ ನಿಲ್ಲಿಸುತ್ತಿದ್ದರು. ನಾನೂ ಲೈಟ್ ಫುಲ್ ಮಾಡಿದೆ. ಇವತ್ತು ಬೆಳಿಗ್ಗೆ ಹವಳ ಪೂರ್ತಿ ಮುದುಡಿತ್ತು. ಅದು ಸತ್ತರೆ ಮಾಮ ನನ್ನನ್ನು ಮನೆಯಿಂದ ಓಡಿಸುತ್ತಾರೆ, ನಾನು ಪಕ್ಕದ ದಿವಾ ಸ್ಟೇಷನ್ ಕಡೆ ರೂಮ್ ಹುಡುಕಬೇಕು.

ಅತ್ತೆ ಬಂದು ನೋಡಿದರು. "ಬಾಲ್ಕನಿಯ ಬಸಳೆಯೂ ಬಿಸಿಲು ಜಾಸ್ತಿಯಾದರೆ ಹೀಗೇ ಮಾರಾಯ," ಎಂದು ಲೈಟಿನ ಕೆಳಗೆ ಹಳೆ ಸೊಳ್ಳೆ ಪರದೆ ಬಿಗಿದರು. ಸಂಜೆಗೆ ಹವಳ ಅರಳಿತು.

ಆಗಲೇ ಮಾಮನ ವಿಡಿಯೋ ಕಾಲ್. "ಪರದೆ ಯಾರ ಐಡಿಯಾ?"

"ನಂದೇ ಮಾಮ, ರಿಸರ್ಚ್ ಮಾಡ್ದೆ."

ಹಿಂದಿನಿಂದ ಅತ್ತೆ, "ಹೌದೌದು. ರಾತ್ರಿ ಊಟದ ಗಸಿಗೆ ತೆಂಗಿನಕಾಯಿ ತುರಿಯುವ ರಿಸರ್ಚೂ ಇವತ್ತು ಅವನದ್ದೇ," ಎಂದರು.

ಎರಡು ಕಾಯಿ ಮುಗಿದಿದೆ, ಒಂದು ಬಾಕಿ. ಹವಳ ಆರಾಮಾಗಿದೆ, ಬಿಳಿಚಿರುವುದು ಈಗ ನಾನು.