ನಾನು ಹೆಣ್ಣಿನ ಕಡೆಯವಳಾದ ದಿನ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಚನ್ನಗಿರಿ ಕಡೆಯ ತೋಟಗಳಿಗೆ ಅಡಿಕೆ ಸುಲಿಯಲು ಹೋಗುತ್ತಿದ್ದ ಅವ್ವನ ಬೆರಳುಗಳು ಸೀಜನ್ ಮುಗಿದರೂ ಕಪ್ಪಗೇ ಇರುತ್ತಿದ್ದವು. ಅದೇ ಕೂಲಿಯಲ್ಲಿ ನನ್ನ ಬಸ್ ಪಾಸು, ಹಾಸ್ಟೆಲ್ಲು, ಕೊನೆಗೆ ಪಿಎಚ್‌ಡಿ. ನನ್ನ ಸಂಶೋಧನೆಯ ವಿಷಯ ಮದುವೆ ಎಂದು ಕೇಳಿದಾಗ ಮಾತ್ರ ಅವ್ವ ನಕ್ಕಿದ್ದಳು. “ಹೆಣ್ಣು ನೋಡೋದು, ಗಂಡು ನೋಡೋದು ಓದಾಕೆ ಅಷ್ಟು ದೂರ ಹೋಗಬೇಕೇನೆ? ನಮ್ಮ ಕಟ್ಟೆ ಮೇಲೆ ಕುಂತ್ರೆ ಎಲ್ಲಾ ಗೊತ್ತಾಗ್ತೈತೆ.”

ಆಕೆ ಹೇಳಿದ್ದು ಸುಳ್ಳಲ್ಲ. ನನ್ನನ್ನೂ ನೋಡಲು ಬಂದಿದ್ದರು. ನಡೆಸಿದರು, ಪೇಪರ್ ಓದಿಸಿದರು, ಒಬ್ಬಾಕೆ ಜಡೆ ಹಿಡಿದು ಎಳೆದು ನೋಡಿದರು. ಬಂದವರು ತಿಂಡಿಯ ತಟ್ಟೆಯಲ್ಲಿ ಸಿಹಿ ಮುಟ್ಟಿದರೆ ಒಪ್ಪಿದಂತೆ ಎಂಬುದು ನಮ್ಮ ಕಡೆಯ ರೂಢಿ. ಅವರು ಮುಟ್ಟಲಿಲ್ಲ. ‘ಹುಡುಗಿ ಭಾಳ ಓದ್ಯಾಳೆ’ ಅಂತ ಆಮೇಲೆ ಯಾರಿಂದಲೋ ಸುದ್ದಿ ಬಂತು.

ಈಗ ಹೊನ್ನಾಳಿಯಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ರಜೆ ಬಂತೆಂದರೆ ಚನ್ನಗಿರಿ, ನ್ಯಾಮತಿ, ಜಗಳೂರು ತಾಲ್ಲೂಕಿನ ಹಳ್ಳಿಗಳನ್ನು ಸುತ್ತುತ್ತೇನೆ. ಮದುವೆ ಹೇಗೆ ನಿಶ್ಚಯವಾಗುತ್ತದೆ, ಯಾರ ಮಾತು ನಡೆಯುತ್ತದೆ ಎಂದು ಕೇಳುವುದು ನನ್ನ ಕೆಲಸ. ಇತ್ತೀಚೆಗೆ ಹೋದಲ್ಲೆಲ್ಲ ಒಂದೇ ಮಾತು: ಹೊಲ ಮಾಡುವ ಗಂಡಿಗೆ ಹೆಣ್ಣು ಸಿಗುತ್ತಿಲ್ಲ. ಮೊದಲು ಗಂಡಿನ ಕಡೆಯವರು ನೋಡುತ್ತಿದ್ದರು, ಈಗ ಹೆಣ್ಣಿನ ಕಡೆಯವರು ನೋಡುತ್ತಾರೆ.

ಜಗಳೂರು ಕಡೆಯ ಬಿಳಿಚೋಡಿನಿಂದ ಒಳಗೆ, ಬಸ್ಸು ಇಳಿದು ನಡೆಯಬೇಕಾದ ಒಂದು ಊರು. ಒಂದು ಮನೆಯ ಮುಂದೆ ಹೆಂಗಸೊಬ್ಬರು ಮೆಕ್ಕೆಜೋಳ ಹರವುತ್ತಿದ್ದರು. ಕಾಲೇಜಿನಿಂದ ಬಂದಿದ್ದೇನೆ, ಮದುವೆಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದೇನೆ ಎಂದೆ. ಕೂರಿಸಿ ನೀರು ಕೊಟ್ಟರು. ಹೊಲ ಎಷ್ಟು, ಬೋರಿನಲ್ಲಿ ನೀರಿದೆಯಾ, ಬಚ್ಚಲು ಒಳಗೋ ಹೊರಗೋ, ಮಗನ ವಯಸ್ಸೆಷ್ಟು, ಎಲ್ಲರ ಮನೆಯಲ್ಲೂ ಕೇಳುವ ಪ್ರಶ್ನೆಗಳನ್ನೇ ಕೇಳಿದೆ. ಮಗನ ವಯಸ್ಸು ಹೇಳುವಾಗ ಸ್ವಲ್ಪ ತಡೆದರು. ಮದುವೆಯಾಗಿಲ್ಲ ಎನ್ನುವಾಗ ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಹೋದವರು ಬೇಗ ಬರಲಿಲ್ಲ. ರವೆ ಹುರಿಯುವ ವಾಸನೆ ಬಂತು.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದರು: “ಏನವ್ವಾ, ಹೊತ್ತಲ್ಲದ ಹೊತ್ತಿನಾಗೆ ತುಪ್ಪ ಘಮ್ ಅಂತೈತೆ. ಯಾವೂರೋರು?”

“ನಿನ್ನ ಮೂಗು ನಿನ್ನ ಮನ್ಯಾಗೆ ಇಟ್ಕ!” ಒಳಗಿನಿಂದಲೇ ಉತ್ತರ ಹೋಯಿತು.

ಅಷ್ಟರಲ್ಲಿ ಮಗ ಬಂದ. ತಲೆ ಇನ್ನೂ ಒದ್ದೆ, ಮಡಿಕೆಯ ಗೆರೆ ಹೋಗದ ಹೊಸ ಅಂಗಿ. ಎದುರಿನ ಕುರ್ಚಿಯಲ್ಲಿ ಎರಡೂ ಕೈ ಮೊಣಕಾಲ ಮೇಲಿಟ್ಟು, ತಲೆ ತಗ್ಗಿಸಿ ಕೂತ. ಹೆಣ್ಣುಮಕ್ಕಳನ್ನು ಹಾಗೆ ಕೂರಿಸಿದ್ದು ಕಂಡಿದ್ದೆ. ನಾನೂ ಕೂತಿದ್ದೆ. ಒಬ್ಬ ಗಂಡಸು ಹಾಗೆ ಕೂತದ್ದನ್ನು ಅವತ್ತೇ ನೋಡಿದ್ದು. ನನ್ನ ಮುಂದೆ ತಟ್ಟೆ ಬಂತು: ಅರ್ಧ ಉಪ್ಪಿಟ್ಟು, ಅರ್ಧ ಶಿರಾ. ತಾಯಿ ಬಾಗಿಲಿಗೆ ಒರಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

ಆಗ ನನಗೆ ಅರ್ಥವಾಯಿತು. ತಿನ್ನದೆ ತಟ್ಟೆ ಕೆಳಗಿಟ್ಟೆ.

“ಅವ್ವಾ, ನಾನು ಹೆಣ್ಣಿನ ಕಡೆಯೋಳಲ್ಲ. ಕಾಲೇಜಿಂದ ಬಂದೀನಿ ಅಂದಿದ್ದು ನಿಜ.”

ಅವರು ಸೆರಗಿನಿಂದ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. “ಹೋದ ಸಲ ಬಂದೋರು ಕುರಿಮರಿ ಕೊಳ್ಳಾಕೆ ಬಂದೀವಿ ಅಂದಿದ್ರು ಮೇಡಮ್ಮಾರೆ. ಹಟ್ಟಿ, ಅಡಿಗೆಮನೆ ಎಲ್ಲಾ ನೋಡಿದ್ರು. ಆಮ್ಯಾಲೆ ನೋಡಿದ್ರೆ ಹೆಣ್ಣಿನ ಸೋದರಮಾವ. ಈಗ ಮೊದ್ಲು ಹಿಂಗೇ ಏನರ ನೆಪ ಹೇಳ್ಕಂಡು ಬರ್ತಾರೆ. ನೀವೂ ಹಂಗೇ ಅಂದ್ಕಂಡೆ.”

“ಮರೀನೂ ಕೊಳ್ಳಲಿಲ್ಲ ಮೇಡಂ ಅವ್ರು,” ಎಂದ ಮಗ. ನಗಿಸಲು ಹೇಳಿದ. ಯಾರೂ ನಗಲಿಲ್ಲ.

ಎದ್ದು ಹೋಗಬೇಕೆಂದುಕೊಂಡೆ. ಅವನೇ ತಡೆದ. “ನಿಮ್ಮ ಕಾಲೇಜಿನ ಹುಡುಗೇರು ನಮ್ಮಂಥೋರ ಬಗ್ಗೆ ಏನಂತಾರೆ? ಸುಮ್ನೆ ಸಮಾಧಾನ ಹೇಳಬ್ಯಾಡ್ರಿ.”

ಹೇಳಿದೆ. ದನ, ಹೊಲ, ಅತ್ತೆ, ಬೆಳಗ್ಗೆ ಐದಕ್ಕೆ ಏಳುವುದು. ತಮ್ಮ ತಾಯಂದಿರು ಪಟ್ಟ ಪಾಡನ್ನು ಮತ್ತೆ ಪಡಲು ಅವರಿಗೆ ಇಷ್ಟವಿಲ್ಲ ಎಂದೆ. ಅವರು ಹೇಳುವುದು ತಪ್ಪು ಎಂದು ನನಗೂ ಅನ್ನಿಸುವುದಿಲ್ಲ ಎಂದೆ.

“ನೀವೂ ಹಂಗೇ ಅಂತೀರಲ್ಲ! ಹುಡುಗೇರ್ನ ಓದಿಸಿ ಓದಿಸಿ ಹಿಂಗ್ ಮಾಡಿಟ್ರಿ,” ಎಂದರು ತಾಯಿ.

“ಸುಮ್ನಿರವ್ವ,” ಎಂದ ಮಗ. “ತಂಗೀನ ಕೇಳಾಕೆ ಪಕ್ಕದೂರೋರು ಬಂದಾಗ, ಹೊಲ ಮನೆ ಮಾಡೋರಿಗೆ ಕೊಡಾಕಿಲ್ಲ ಅಂದೋಳು ನೀನೇ ಅಲ್ಲೇನು? ಆ ಹುಡುಗನೂ ನನ್ನಂಗೇ ಅಂಗಿ ಹಾಕ್ಕಂಡು ಕುಂತಿದ್ದ.”

ತಾಯಿ ಬಾಗಿಲಲ್ಲೇ ಕುಸಿದು ಕೂತರು. ಹೊರಗೆ ಹರವಿದ್ದ ಜೋಳಕ್ಕೆ ಕೋಳಿಗಳು ಬಾಯಿ ಹಾಕಿದ್ದವು, ಅವರು ಓಡಿಸಲೂ ಇಲ್ಲ.

“ಏನು ಕೇಳಬೇಕು ಕೇಳ್ರಿ, ಬರಕಳ್ರಿ,” ಎಂದ ಅವನು. ಕೇಳಿದೆ. ಮದುವೆಯಾಗುವವಳಿಂದ ಏನು ಬಯಸುತ್ತೀರಿ ಎಂಬುದಕ್ಕೆ ಗಂಡುಗಳೆಲ್ಲ ‘ಹೊಂದಿಕೊಂಡು ಹೋಗಬೇಕು’ ಎನ್ನುತ್ತಾರೆ. ಅವನು ಹಾಗೆನ್ನಲಿಲ್ಲ.

“ಬ್ಯಾಡ ಅನ್ನೋದನ್ನ ಯಾರಾದ್ರೂ ಎದುರಿಗೆ ಅಂದ್ರೆ ಸಾಕಾಗೈತೆ ಮೇಡಂ. ಮನೆ ನೋಡಿ ಹೋಗ್ತಾರೆ, ತಿಂಗಳಾನುಗಟ್ಲೆ ಕಾಯ್ತೀವಿ. ಫೋನ್ ಮಾಡಿದ್ರೆ ಮಧ್ಯಸ್ಥಗಾರ ಎತ್ತಾಕಿಲ್ಲ. ಎತ್ತದಿದ್ರೆ ಬ್ಯಾಡ ಅಂತ ನಾವೇ ತಿಳ್ಕಬೇಕು. ಇವತ್ತಿನವರೆಗೆ ಒಂದು ಹುಡುಗಿ ಜೊತೆ ನಾನು ಕುಂತು ಮಾತಾಡಿಲ್ಲ.”

ಬರೆದುಕೊಂಡೆ. ವರ್ಷಗಟ್ಟಲೆ ಹೆಣ್ಣುಮಕ್ಕಳಿಂದ ಕೇಳಿದ್ದೂ ಇಂಥದ್ದನ್ನೇ: ತಮ್ಮನ್ನು ಯಾರೂ ಕೇಳಲಿಲ್ಲ ಎಂದು. ಆದರೂ ಎರಡೂ ಒಂದೇ ಎಂದು ನಾನು ಎಲ್ಲೂ ಬರೆದಿಲ್ಲ. ಅವನ ಜಡೆಯನ್ನು ಯಾರೂ ಎಳೆದಿರಲಿಲ್ಲ.

ಹೊರಡುವಾಗ ತಾಯಿ ನನ್ನ ನಂಬರ್ ಕೇಳಿ ಪಡೆದರು. ಈಗಲೂ ಹಬ್ಬದ ಹಿಂದೆಮುಂದೆ ಫೋನ್ ಮಾಡುತ್ತಾರೆ. ಮಳೆ, ಬೆಳೆ, ನನ್ನ ಅವ್ವನ ಆರೋಗ್ಯ ಎಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ, “ನಿಮ್ಮ ಕಾಲೇಜಿನಾಗೆ ಯಾರಾದ್ರೂ...” ಎನ್ನುತ್ತಾರೆ.

ಪಾಠದ ನಡುವೆ ಬಂದರೂ ಆ ಫೋನ್ ಎತ್ತುತ್ತೇನೆ. “ಇಲ್ಲವ್ವ,” ಎಂದು ನಾನೇ ಬಾಯಿಬಿಟ್ಟು ಹೇಳುತ್ತೇನೆ.